ಪ್ರಯೋಗಶಾಲೆಯ ಪ್ರಾಣಿಗಳು: ಕಾನೂನು ಮತ್ತು ಕರುಣೆ



ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಅಭ್ಯಾಸ ಮಾಡಿದ ಹಿಂದಿನ ತಲೆಮಾರಿನವರಿಗೆ ಒಂದು ದೃಶ್ಯ ಮರೆಯುವಂತಹುದಲ್ಲ. ಮೇಣದ ತಟ್ಟೆ, ಅದರ ಮೇಲೆ ನಾಲ್ಕು ಕಾಲುಗಳಿಗೂ ಗುಂಡುಸೂಜಿ ಚುಚ್ಚಿ ಮಲಗಿಸಿದ ಕಪ್ಪೆ, ಪಕ್ಕದಲ್ಲಿ ಕತ್ತರಿ ಮತ್ತು ಚಿಮಟ. ಅದೇ ರಕ್ತನಾಳಗಳನ್ನು, ಅದೇ ನರಗಳನ್ನು ವರ್ಷವರ್ಷವೂ ಬಿಡಿಸಿ ನೋಡಲಾಗುತ್ತಿತ್ತು. ಅದರಿಂದ ಹೊಸ ಜ್ಞಾನವೇನೂ ದೊರೆಯುತ್ತಿರಲಿಲ್ಲ. ಪುಸ್ತಕದಲ್ಲಿದ್ದುದನ್ನು ಕಣ್ಣಾರೆ ಕಾಣುವುದಷ್ಟೇ ಉದ್ದೇಶವಾಗಿತ್ತು. ಗದ್ದೆಯ ಕೀಟಗಳನ್ನು ತಿಂದು ರೈತನಿಗೆ ನೆರವಾಗುವ ಜೀವಿಯು ಇದಕ್ಕಾಗಿ ಪ್ರಾಣ ತೆರುತ್ತಿತ್ತು.

ಹಾಗಾದರೆ ಪ್ರಾಣಿಗಳ ಮೇಲಣ ಪ್ರಯೋಗಗಳೆಲ್ಲವೂ ಅನಗತ್ಯವೆ? ಹಾಗೆಂದು ಹೇಳಲಾಗದು. ಹಾವು ಕಚ್ಚಿದವರನ್ನು ಬದುಕಿಸುವ ಪ್ರತಿವಿಷವು ಇಂದಿಗೂ ಕುದುರೆಯ ರಕ್ತದಿಂದಲೇ ತಯಾರಾಗುತ್ತದೆ. ಜ್ಞಾನವೂ ಬೇಕು, ಕರುಣೆಯೂ ಬೇಕು. ಇವೆರಡರ ನಡುವೆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಸಂಸತ್ತು 1960ರಲ್ಲಿ ಉತ್ತರ ನೀಡಿತು. ರಾಜ್ಯಸಭೆಯ ಸದಸ್ಯೆಯಾಗಿದ್ದ ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ಅವರು ಮಂಡಿಸಿದ್ದ ಖಾಸಗಿ ವಿಧೇಯಕದ ಪ್ರೇರಣೆಯಿಂದ ಪ್ರಾಣಿ ಹಿಂಸೆ ತಡೆ ಅಧಿನಿಯಮವು ಜಾರಿಗೆ ಬಂದಿತು. ಜೀವ ಉಳಿಸುವ, ನೋವು ನೀಗುವ, ರೋಗವನ್ನು ಎದುರಿಸುವ ಜ್ಞಾನಕ್ಕಾಗಿ ನಡೆಸುವ ಪ್ರಯೋಗವನ್ನು ಈ ಅಧಿನಿಯಮವು ನಿಷೇಧಿಸುವುದಿಲ್ಲ. ಆದರೆ ಮೇಲ್ವಿಚಾರಣೆಗೆ ಒಂದು ಸಮಿತಿಯನ್ನು ನೇಮಿಸಲು ಅವಕಾಶ ನೀಡಿ, 17ನೆಯ ಪ್ರಕರಣದಲ್ಲಿ ಅದರ ಕರ್ತವ್ಯಗಳನ್ನು ವಿಧಿಸುತ್ತದೆ. ಪ್ರಯೋಗಕ್ಕೆ ಮೊದಲು, ಪ್ರಯೋಗ ನಡೆಯುವಾಗ ಮತ್ತು ಅನಂತರ ಪ್ರಾಣಿಗೆ ಅನಗತ್ಯ ನೋವಾಗಕೂಡದು. ಶಸ್ತ್ರಕ್ರಿಯೆಯಲ್ಲಿ ಅರಿವಳಿಕೆ ನೀಡಬೇಕು. ಸಣ್ಣ ಪ್ರಾಣಿಯಿಂದ ಸಾಧ್ಯವಾಗುವ ಕಾರ್ಯಕ್ಕೆ ದೊಡ್ಡ ಪ್ರಾಣಿಯನ್ನು ಬಳಸಬಾರದು. ಕೇವಲ ಕೈಚಳಕ ಕಲಿಯುವುದಕ್ಕಾಗಿ ಪ್ರಯೋಗ ನಡೆಸಬಾರದು. ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಪಾಠವಾಗುವುದಾದರೆ ಪ್ರಾಣಿಯನ್ನು ಬಿಟ್ಟುಬಿಡಬೇಕು.

1998ರ ನಿಯಮಗಳು ಈ ಆಶಯಕ್ಕೆ ಆಡಳಿತದ ರೂಪ ಕೊಟ್ಟವು. ಪ್ರಯೋಗ ನಡೆಸುವ ಸಂಸ್ಥೆಯು ನೋಂದಣಿ ಮಾಡಿಸಿಕೊಳ್ಳಬೇಕು, ಪ್ರಾಣಿಗಳ ಲೆಕ್ಕವಿಡಬೇಕು, ಒಂದು ನೀತಿ ಸಮಿತಿಯನ್ನು ಹೊಂದಿರಬೇಕು. ಆ ಸಮಿತಿಯಲ್ಲಿ ಸಂಸ್ಥೆಯ ವಿಜ್ಞಾನಿಗಳಲ್ಲದೆ ಪಶುವೈದ್ಯರು, ಹೊರಗಿನ ವಿಜ್ಞಾನಿ, ಕೇಂದ್ರ ಸಮಿತಿಯ ಪ್ರತಿನಿಧಿ ಹಾಗೂ ವಿಜ್ಞಾನಿಯಲ್ಲದ ಒಬ್ಬ ಸಾಮಾಜಿಕ ಕಳಕಳಿಯುಳ್ಳ ವ್ಯಕ್ತಿ ಇರುತ್ತಾರೆ. ಈ ಕೊನೆಯ ಸದಸ್ಯರ ಸ್ಥಾನ ಮಹತ್ವದ್ದು. ‘ಇಷ್ಟು ಇಲಿಗಳು ಏಕೆ ಬೇಕು?’ ಎಂದು ಅವರು ಸರಳವಾಗಿ ಕೇಳಿದರೆ ವಿದ್ವಾಂಸರು ಅಷ್ಟೇ ಸರಳವಾಗಿ ಉತ್ತರಿಸಬೇಕಾಗುತ್ತದೆ. ದೊಡ್ಡ ಪ್ರಾಣಿಗಳ ವಿಷಯವಾದರೆ ಕೇಂದ್ರ ಸಮಿತಿಯ ಅನುಮತಿಯೂ ಅಗತ್ಯ.

ಅಂಗಾಂಶದ ಬಳಕೆಯೂ ಇದೇ ವಿಚಾರಕ್ಕೆ ಸೇರಿದುದು. ಸೂಕ್ಷ್ಮದರ್ಶಕದ ಗಾಜಿನ ಮೇಲಿರುವ ತುಣುಕಿಗೆ ನೋವಿಲ್ಲ. ಆದರೆ ಅದು ಯಾವ ಪ್ರಾಣಿಯಿಂದ ಬಂದಿತೋ ಆ ಪ್ರಾಣಿಗೆ ನೋವಿತ್ತು. ಅಂಗಾಂಶಕ್ಕಾಗಿಯೇ ಇಲಿಯನ್ನು ಕೊಂದು ನಡೆಸುವ ಸಂಶೋಧನೆಯೂ ಪ್ರಾಣಿಯ ಬಳಕೆಯೇ ಆಗಿರುವುದರಿಂದ ಅದು ನೀತಿ ಸಮಿತಿಯ ಮುಂದೆ ಬರಬೇಕು. ಅನುಮತಿ ಪಡೆದ ಒಂದು ಪ್ರಯೋಗದ ಕೊನೆಯಲ್ಲಿ ದೊರೆತ ಅಂಗಗಳನ್ನು ಹಲವು ಸಂಶೋಧಕರು ಹಂಚಿಕೊಂಡರೆ ಮತ್ತಷ್ಟು ಪ್ರಾಣಿಗಳನ್ನು ಕೊಲ್ಲುವುದು ತಪ್ಪುತ್ತದೆ. ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು 1959ರಲ್ಲಿ ಮುಂದಿಟ್ಟ ಮೂರು ಸೂತ್ರಗಳ ಸಾರವೂ ಇದೇ: ಸಾಧ್ಯವಾದೆಡೆ ಬದಲಿ ವಿಧಾನ, ಸಂಖ್ಯೆಯಲ್ಲಿ ಕಡಿತ, ನೋವು ತಗ್ಗಿಸುವ ಸುಧಾರಣೆ.

ಬೋಧನೆಯ ಕ್ಷೇತ್ರದಲ್ಲಿ ಬದಲಾವಣೆ ಸ್ಪಷ್ಟವಾಗಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2011ರಲ್ಲಿ ಪ್ರಾಣಿಗಳ ಛೇದನವನ್ನು ಹಂತಹಂತವಾಗಿ ತಗ್ಗಿಸುವ ಮಾರ್ಗಸೂಚಿಯನ್ನು ನೀಡಿ, 2014ರಲ್ಲಿ ಪ್ರಾಣಿಶಾಸ್ತ್ರದ ಪಠ್ಯಕ್ರಮದಿಂದ ಅದನ್ನು ಕೈಬಿಡುವಂತೆ ಸೂಚಿಸಿತು. ಮಾದರಿಗಳೂ ಗಣಕಯಂತ್ರದ ಚಿತ್ರಗಳೂ ಆ ಸ್ಥಾನವನ್ನು ತುಂಬುತ್ತಿವೆ. ಔಷಧಗಳ ಪರೀಕ್ಷೆಯಲ್ಲಿಯೂ ಪ್ರಾಣಿಗಳನ್ನು ಬಳಸದ ವಿಧಾನಗಳಿಗೆ 2023ರ ನಿಯಮ ತಿದ್ದುಪಡಿಯು ದಾರಿ ತೆರೆಯಿತು.

ಆದರೂ ಒಂದು ಮಾತನ್ನು ಮರೆಯಲಾಗದು. ಸಮಿತಿಯ ಆದೇಶವನ್ನು ಉಲ್ಲಂಘಿಸಿದವರಿಗೆ 1960ರ ಅಧಿನಿಯಮವು ವಿಧಿಸಿದ ಜುಲ್ಮಾನೆಯ ಮಿತಿ ಕೇವಲ 200 ರೂಪಾಯಿ. ಸಂಸ್ಥೆಯ ಪ್ರಯೋಗಗಳನ್ನೇ ನಿಲ್ಲಿಸುವ ಅಧಿಕಾರ ಸಮಿತಿಗೆ ಉಂಟು, ನಿಜ. ಆದರೆ ಮುಚ್ಚಿದ ಬಾಗಿಲಿನ ಹಿಂದೆ ದಿನವೂ ಕಾವಲಿರಲು ಯಾವ ಸಮಿತಿಗೂ ಸಾಧ್ಯವಿಲ್ಲ. ಅಲ್ಲಿ ಪ್ರಾಣಿಯನ್ನು ಕಾಯುವುದು ಅದನ್ನು ಕೈಯಲ್ಲಿ ಹಿಡಿದ ಸಂಶೋಧಕನ, ವಿದ್ಯಾರ್ಥಿಯ ಮನಸ್ಸಾಕ್ಷಿ. ಮಕ್ಕಳು ಓದುವ ಕಾಲೇಜಿನಲ್ಲಿ ಇಂತಹ ಸಮಿತಿ ಇದೆಯೆ, ಅದು ಸಭೆ ಸೇರುತ್ತದೆಯೆ ಎಂದು ಪಾಲಕರೂ ವಿಚಾರಿಸಬಹುದು. ಮಾತು ಬಾರದ ಜೀವಿಗಳ ಪರವಾಗಿ ಯಾರಾದರೂ ಕೇಳಬೇಕಲ್ಲವೆ?