ಎಂಜಿನ್ ಜೊತೆ ನಡುಗುವ ಕೊಳವೆ

ಮನೆಯ ಶೆಡ್ಡಿನಲ್ಲಿ ತಾವೇ ವಿಮಾನ ಕಟ್ಟುವವರಿದ್ದಾರೆ. ಅವರ ವಿಮಾನ ನೋಡಲು ಹೋದವರೆಲ್ಲ ರೆಕ್ಕೆ ಸವರುತ್ತಾರೆ, ಪ್ರೊಪೆಲ್ಲರ್ ಮುಟ್ಟುತ್ತಾರೆ. ನನಗೆ ಮಾತ್ರ ಎಂಜಿನ್ ಅಡಿಯಿಂದ ಬಾಗಿ ಬರುವ ಎಕ್ಸಾಸ್ಟ್ ಪೈಪಿನ ಮೇಲೇ ಪ್ರೀತಿ. ಅದರ ಕಥೆ ಶುರುವಾಗುವುದು ಪೈಪೇ ಇಲ್ಲದ ವಿಮಾನದಿಂದ.

1903ನೇ ಇಸವಿ, ಅಮೆರಿಕದ ಡೇಟನ್ ಊರಿನ ರೈಟ್ ಸಹೋದರರ ಸೈಕಲ್ ಅಂಗಡಿ. ಹಗುರವಾದ ಎಂಜಿನ್ ಬೇಕೆಂದು ಅವರು ಕಾರು ತಯಾರಕರಿಗೆ ಬರೆದರೂ ಒಪ್ಪುವಂಥದ್ದು ಸಿಗಲಿಲ್ಲ. ಆಗ ಕೈಹಾಕಿದವರು ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್. ಹತ್ತಿರ ಇದ್ದದ್ದು ಲೇತು, ಡ್ರಿಲ್ ಯಂತ್ರ, ಚೀಟಿಯಲ್ಲಿ ಗೀಚಿದ ಚಿತ್ರಗಳು. ಆರೇ ವಾರದಲ್ಲಿ 12 ಅಶ್ವಶಕ್ತಿಯ ಎಂಜಿನ್ ಸಿದ್ಧ! ಸುಟ್ಟ ಅನಿಲ ಸಿಲಿಂಡರಿನಿಂದ ನೇರ ಗಾಳಿಗೆ. 12 ಸೆಕೆಂಡಿನ ಮೊದಲ ಹಾರಾಟಕ್ಕೆ ಅಷ್ಟು ಸಾಕಾಯಿತು. ಇಂಥ ಮನುಷ್ಯ 1956ರಲ್ಲಿ ಬಡತನದಲ್ಲಿ ತೀರಿಕೊಂಡರು. ರೈಟ್ ಸಹೋದರರ ಹೆಸರು ಮಕ್ಕಳಿಗೂ ಗೊತ್ತು. ಟೇಲರ್ ಹೆಸರು ಎಷ್ಟು ಜನಕ್ಕೆ ಗೊತ್ತು? ನೆನೆದರೆ ಈಗಲೂ ಸಂಕಟವಾಗುತ್ತದೆ.

ನಡುವಿನ ದಶಕಗಳನ್ನು ಬೇಗ ದಾಟೋಣ. ಕ್ಯಾಬಿನ್ನಿಗೆ ಬಾಗಿಲು ಬಂತು, ಹೊಗೆಯನ್ನು ದೂರ ಸಾಗಿಸಲು ಪೈಪು ಬಂತು, ಅದಕ್ಕೆ ತಗಡು ಸುತ್ತಿ ಒಳಗೆ ಬಿಸಿಗಾಳಿ ತರುವ ಉಪಾಯವೂ ಬಂತು. ಜೊತೆಗೆ ಅಪಾಯವೂ ಬಂತು. ಪೈಪು ಬಿರಿದರೆ ಆ ಬಿಸಿಗಾಳಿಯ ಜೊತೆಗೇ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುತ್ತದೆ. 1953ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಪಾಲ್ ಪೊಬೆರೆಜ್ನಿ ಎಂಬವರು ವಿಮಾನ ಕಟ್ಟುವ ಹವ್ಯಾಸಿಗಳ ಸಂಘ ಕಟ್ಟಿದ ಮೇಲೆ ಇಂಥ ಅನುಭವಗಳು ಶೆಡ್ಡಿನಿಂದ ಶೆಡ್ಡಿಗೆ ಹರಡಿದವು.

ಬಿರಿಯುವುದೇಕೆ? ಎಂಜಿನ್ ಕೂತಿರುವುದು ರಬ್ಬರಿನ ಮೇಲೆ, ಸದಾ ನಡುಗುತ್ತದೆ. ಪೈಪಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ವಿಮಾನದ ಮೈಗೆ ಬಿಗಿದರೆ, ನಡೆಯುವ ಎತ್ತಿನ ನೊಗವನ್ನು ಮರಕ್ಕೆ ಕಟ್ಟಿದ ಹಾಗೆ. ಅದಕ್ಕೇ ಪೈಪನ್ನು ಎಂಜಿನ್ನಿಗೇ ತೂಗುಹಾಕಬೇಕು, ಎರಡೂ ಒಟ್ಟಿಗೆ ನಡುಗಬೇಕು. ಬಿಸಿಯ ಕಾಟ ಬೇರೆ. ಅನಿಲದ ಉಷ್ಣತೆ 700 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಷ್ಟು ಕಾದರೆ ಒಂದು ಮೀಟರ್ ಸ್ಟೇನ್‌ಲೆಸ್ ಸ್ಟೀಲ್ ಪೈಪು ಒಂದು ಸೆಂಟಿಮೀಟರಿಗೂ ಹೆಚ್ಚು ಬೆಳೆಯುತ್ತದೆ. ಹಾಗಾಗಿ ಒಂದರೊಳಗೊಂದು ಜಾರುವ ಕೀಲು, ಸ್ಪ್ರಿಂಗ್ ಹಾಕಿದ ಗುಂಡು ಕೀಲು.

ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಅವರ ಲಾಂಗ್-ಈಝೀ ವಿಮಾನದಲ್ಲಂತೂ ಎಂಜಿನ್ ಹಿಂದೆ, ಅದರ ಹಿಂದೆ ಪ್ರೊಪೆಲ್ಲರ್. ಪೈಪಿನ ಚೂರು ಕಳಚಿದರೂ ನೇರ ಪ್ರೊಪೆಲ್ಲರಿಗೇ ಬಡಿಯುತ್ತದೆ. ಅದೇ ವಿನ್ಯಾಸವನ್ನು ಆಧರಿಸಿ ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಕಟ್ಟಿದ ಪುಟ್ಟ ವಿಮಾನ 1987ರಲ್ಲಿ ಹಾರಿತು ಎನ್ನುವುದು ನನಗೆ ದೊಡ್ಡ ಹೆಮ್ಮೆ.

ಮುಂದೆ ಯಾರಾದರೂ ತಾವು ಕಟ್ಟಿದ ವಿಮಾನ ತೋರಿಸಿದರೆ, ಎಂಜಿನ್ ತಣ್ಣಗಿರುವಾಗ ಅವರ ಒಪ್ಪಿಗೆ ಕೇಳಿ ಪೈಪನ್ನು ಮೆಲ್ಲಗೆ ಅಲ್ಲಾಡಿಸಿ. ಗುಂಡು ಕೀಲು ತುಸು ಆಡಿದರೆ ಶಹಬ್ಬಾಸ್ ಅನ್ನಿ. ಕಲ್ಲಿನಂತೆ ಬಿಗಿದಿದ್ದರೆ, ಹಾರುವ ಮೊದಲೇ ಹೇಳಿಬಿಡಿ.