ಹಡಗಿನ ಕಾಗದವೂ ತನಿಖೆಗಾರನ ಕಣ್ಣೂ

(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಈ ಸಲದ ಭಾಷಣಕ್ಕೆ ರಫ್ತಿನ ಮೇಲಿನ ನಿರ್ಬಂಧಗಳು ಮತ್ತು ಅವನ್ನು ಕಾಯುವ ತನಿಖೆಗಾರರು ಎಂಬ ವಿಷಯ ಗೊತ್ತುಮಾಡಿದಾಗ ಕೆಲವರು ನಕ್ಕರಂತೆ. ಇದು ದೊಡ್ಡ ಸರಕಾರಗಳ ವ್ಯವಹಾರ, ಪತ್ತೇದಾರಿ ಕಾದಂಬರಿಯ ಸರಕು, ಗುಮಾಸ್ತರಿಗೆ ಇದರಿಂದ ಆಗಬೇಕಾದ್ದೇನು ಎಂದು ಕೇಳಿದರಂತೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಇಷ್ಟೇ: ಇಲ್ಲಿ ಕುಳಿತವರಲ್ಲಿ ಎಷ್ಟೋ ಮಂದಿ ಬಲ್ಲಾರ್ಡ್ ಎಸ್ಟೇಟಿನಲ್ಲೋ, ಮಸ್ಜಿದ್ ಬಂದರಿನಲ್ಲೋ, ನ್ಹಾವಾ ಶೇವಾದಲ್ಲೋ, ಸಹಾರಿನ ವಿಮಾನ ಸರಕಿನ ಗೋದಾಮಿನಲ್ಲೋ ದುಡಿಯುವವರು. ಇನ್‌ವಾಯ್ಸು ಟೈಪು ಮಾಡುವವರು ನಾವು. ಶಿಪ್ಪಿಂಗ್ ಬಿಲ್ಲು ತುಂಬುವವರು ನಾವು. ಪೆಟ್ಟಿಗೆಯ ಮೇಲೆ ಗುರುತು ಬರೆಯುವವರು, ಆ ಪೆಟ್ಟಿಗೆಯನ್ನು ಹೊರುವವರು ಕೂಡ ನಾವೇ. ತನಿಖೆಗಾರ ಬಂದನೆಂದರೆ ಅವನು ಮೊದಲು ಕೇಳುವುದು ಕಾಗದವನ್ನು. ಕಾಗದ ಇರುವುದು ಸೇಠರ ಕೋಣೆಯಲ್ಲಿ ಅಲ್ಲ, ನಮ್ಮ ಮೇಜಿನ ಮೇಲೆ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಅವರ ಕಾಲದ ಸುಂಕದವನಿಗೆ ಬೇಕಾದದ್ದು ಹಣ. ಹಣ ಎಣಿಸಿಕೊಟ್ಟರೆ ಗಾಡಿ ಮುಂದೆ ಹೋಗುತ್ತಿತ್ತು. ನಾವು ಇಂದು ಮಾತಾಡುವ ಅಧಿಕಾರಿಗೆ ಹಣದ ಲೆಕ್ಕ ಮುಖ್ಯವಲ್ಲ. ಅವನು ಕೇಳುವುದು ಮೂರು ಪ್ರಶ್ನೆ: ಈ ವಸ್ತು ಯಾವುದು? ಇದು ಕೊನೆಗೆ ಯಾರ ಕೈಸೇರುತ್ತದೆ? ಅವರು ಇದರಿಂದ ಏನು ಮಾಡುತ್ತಾರೆ? ಮೊದಲನೆಯ ಪ್ರಶ್ನೆಗೆ ಸೇರಿದ್ದು ರಫ್ತು ನಿಯಂತ್ರಣ. ಕೆಲವು ವಸ್ತುಗಳನ್ನು ಪರವಾನಗಿ ಇಲ್ಲದೆ ಹೊರದೇಶಕ್ಕೆ ಕಳಿಸಕೂಡದು. ಎರಡನೆಯದಕ್ಕೆ ಸೇರಿದ್ದು ವ್ಯಾಪಾರ ನಿರ್ಬಂಧ. ಕೆಲವು ದೇಶಗಳಿಗೆ, ಕೆಲವು ಸಂಸ್ಥೆಗಳಿಗೆ, ಕೆಲವು ವ್ಯಕ್ತಿಗಳಿಗೆ ಮಾರಕೂಡದು. ಮೂರನೆಯದು ಎರಡಕ್ಕೂ ಸೇರಿದ್ದು, ಎಲ್ಲಕ್ಕಿಂತ ಕಠಿಣವಾದದ್ದು.

ಕಠಿಣ ಏಕೆಂದರೆ, ಈ ವಸ್ತುಗಳು ನೋಡಲು ಸಾಧುವಾಗಿರುತ್ತವೆ. ಒಂದು ಉದಾಹರಣೆ ಕೊಡುತ್ತೇವೆ. ಸ್ಪಾರ್ಕ್ ಗ್ಯಾಪ್ ಎಂಬ ಒಂದು ವಿದ್ಯುತ್ ಸಾಧನ ಉಂಟು. ಗಾತ್ರದಲ್ಲಿ ದಾರದ ರೀಲಿನಷ್ಟು. ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿದವರಿಗೆ ಹೊಟ್ಟೆ ಕೊಯ್ಯದೆ ಕಲ್ಲು ಪುಡಿಮಾಡುವ ಯಂತ್ರದಲ್ಲಿ ಇದು ಬೇಕು. ಅಣುಬಾಂಬನ್ನು ಸಿಡಿಸುವ ವ್ಯವಸ್ಥೆಯಲ್ಲೂ ಇದೇ ಕೆಲಸಕ್ಕೆ ಬರುತ್ತದೆ. ಮನೆಯ ಕತ್ತಿ ಹಲಸಿನಹಣ್ಣನ್ನೂ ಕೊಯ್ಯುತ್ತದೆ, ಕೊರಳನ್ನೂ ಕೊಯ್ಯುತ್ತದೆ. ಕತ್ತಿಯನ್ನು ನೋಡಿ ಯಾವುದೆಂದು ಹೇಳಲಾಗದು. ಹಿಡಿದ ಕೈಯನ್ನು ನೋಡಬೇಕು.

2003ರಲ್ಲಿ ಅಮೆರಿಕದ ವಾಣಿಜ್ಯ ಇಲಾಖೆಯ ರಫ್ತು ತನಿಖೆಗಾರರಿಗೆ ಒಂದು ಅನಾಮಧೇಯ ಸುಳಿವು ಬಂತು. ದಕ್ಷಿಣ ಆಫ್ರಿಕದ ಕೇಪ್‌ಟೌನಿನ ಒಬ್ಬ ವ್ಯಾಪಾರಿ ಇನ್ನೂರು ಸ್ಪಾರ್ಕ್ ಗ್ಯಾಪುಗಳನ್ನು ತರಿಸಿಕೊಳ್ಳುತ್ತಿದ್ದಾನೆ, ಅವು ಪಾಕಿಸ್ತಾನಕ್ಕೆ ಹೋಗಲಿವೆ ಎಂದು. ಕಾಗದದ ಮೇಲೆ ಇದ್ದದ್ದು ಸೊವೆಟೊದ ಒಂದು ಆಸ್ಪತ್ರೆಯ ಹೆಸರು. ಕಾಗದ ನೇರವಾಗಿಯೇ ಇತ್ತು. ಸಂಖ್ಯೆ ಮಾತ್ರ ಸೊಟ್ಟಗಿತ್ತು. ಒಂದು ಆಸ್ಪತ್ರೆಗೆ ಬೇಕಾಗುವುದು ಬೆರಳೆಣಿಕೆಯಷ್ಟು. ಇನ್ನೂರು ತರಿಸುವ ಆಸ್ಪತ್ರೆ ಎಷ್ಟು ಜನರ ಕಲ್ಲು ಒಡೆಯುತ್ತದೆ?

ತನಿಖೆಗಾರರು ಸರಕನ್ನು ತಡೆಯಲಿಲ್ಲ. ತಡೆದಿದ್ದರೆ ಪೆಟ್ಟಿಗೆ ಸಿಕ್ಕುತ್ತಿತ್ತು, ಹಿಂದಿನ ಕೈ ತಪ್ಪಿಹೋಗುತ್ತಿತ್ತು. ಅವರು ತಯಾರಕರೊಡನೆ ಮಾತಾಡಿ, ಮೊದಲ ಕಂತಿನ 66 ಸಾಧನಗಳನ್ನು ಕೆಲಸಕ್ಕೆ ಬಾರದಂತೆ ಕೆಡಿಸಿ, ಹಾಗೆಯೇ ಹೋಗಗೊಟ್ಟರು. ಅಲ್ಲಿಂದ ಮುಂದೆ ಅವರದು ಕಾಗದವನ್ನು ಹಿಂಬಾಲಿಸುವ ಕೆಲಸ. ನ್ಯೂಜೆರ್ಸಿಯಿಂದ ಕೇಪ್‌ಟೌನು, ಅಲ್ಲಿಂದ ದುಬೈ ದಾರಿಯಾಗಿ ಇಸ್ಲಾಮಾಬಾದು. ಪ್ರತಿ ನಿಲ್ದಾಣದಲ್ಲೂ ಒಂದು ಹೊಸ ಬಿಲ್ಲು, ಒಂದು ಹೊಸ ಸಹಿ. 2004ರ ಜನವರಿ 1ರಂದು ಆ ವ್ಯಾಪಾರಿ ರಜೆ ಕಳೆಯಲು ಅಮೆರಿಕಕ್ಕೆ ಬಂದಾಗ ಡೆನ್ವರ್ ವಿಮಾನ ನಿಲ್ದಾಣದಲ್ಲಿ ದಸ್ತಗಿರಿಯಾದ. ತಪ್ಪೊಪ್ಪಿಕೊಂಡ. 2005ರಲ್ಲಿ ಮೂರು ವರ್ಷದ ಸಜೆಯಾಯಿತು. ಇಡೀ ಪ್ರಕರಣದಲ್ಲಿ ಒಂದು ಗುಂಡು ಹಾರಲಿಲ್ಲ. ನಮ್ಮಂಥವರು ಬರೆದ ಬಿಲ್ಲುಗಳೇ ಸಾಕ್ಷಿ ಹೇಳಿದವು.

ನಮ್ಮ ದೇಶದ ಕಡೆಗೆ ಬರೋಣ. 1999ರ ಜೂನ್ ತಿಂಗಳು. ಕಾರ್ಗಿಲ್‌ನಲ್ಲಿ ಯುದ್ಧ ನಡೆದಿತ್ತು. ಉತ್ತರ ಕೊರಿಯದ ಒಂದು ಹಡಗು ಸಕ್ಕರೆ ಇಳಿಸಲೆಂದು ಗುಜರಾತಿನ ಕಾಂಡ್ಲಾ ಬಂದರಿಗೆ ಬಂತು. ಸುಳಿವು ಪಡೆದ ಕಸ್ಟಮ್ಸ್ ಅಧಿಕಾರಿಗಳು ಹಡಗು ಹತ್ತಿದರು. ಹಡಗಿನ ಆಳುಗಳು ಅಡ್ಡನಿಂತು ಪ್ರತಿಭಟಿಸಿದರು. ಕೆಳಗಿನ ಪೆಟ್ಟಿಗೆಗಳ ಮೇಲೆ ನೀರು ಶುದ್ಧಿಮಾಡುವ ಯಂತ್ರಸಾಮಗ್ರಿ ಎಂದು ಬರೆದಿತ್ತು. ತೆರೆದು ನೋಡಿದರೆ ಕ್ಷಿಪಣಿಯ ಭಾಗಗಳು, ಅವನ್ನು ತಯಾರಿಸುವ ಯಂತ್ರಗಳು, ನಕಾಶೆಗಳು! ಅಧಿಕಾರಿಗಳು ಸಕ್ಕರೆಯ ಕಾಗದವನ್ನು ನಂಬಿ ಕೆಳಗಿಳಿದಿದ್ದರೆ ಆ ಹಡಗು ನೀರು ಸೀಳಿಕೊಂಡು ಹೋಗುತ್ತಿತ್ತು. ಪೆಟ್ಟಿಗೆಯ ಮೇಲೆ ಯಾರೋ ಒಬ್ಬ ಬಡ ಗುಮಾಸ್ತ ಬರೆದ ನಾಲ್ಕು ಸುಳ್ಳು ಪದ ಎಷ್ಟು ದೂರ ಹೋಗಬಲ್ಲದು ನೋಡಿ.

ಈಗ ನಮ್ಮ ಕಾನೂನು. ಸುಂಕ ವಂಚನೆಯನ್ನೂ ಕಳ್ಳಸಾಗಣೆಯನ್ನೂ ಹುಡುಕಲು ರೆವಿನ್ಯೂ ಇಂಟೆಲಿಜೆನ್ಸ್ ನಿರ್ದೇಶನಾಲಯ 1957ರಲ್ಲಿ ಹುಟ್ಟಿತು. 1962ರ ಕಸ್ಟಮ್ಸ್ ಕಾಯಿದೆ ಬಂತು. 1992ರ ವಿದೇಶ ವ್ಯಾಪಾರ ಕಾಯಿದೆ ಬಂತು. 2004ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ 1540ನೆಯ ನಿರ್ಣಯದಲ್ಲಿ, ಸರ್ವನಾಶಕ ಆಯುಧಗಳ ಸಾಮಗ್ರಿ ಅಂಥವರ ಕೈಸೇರದಂತೆ ಪ್ರತಿ ದೇಶವೂ ಕಾನೂನು ಮಾಡಬೇಕೆಂದಿತು. ಮರುವರ್ಷವೇ, 2005ರಲ್ಲಿ, ನಮ್ಮ ಪಾರ್ಲಿಮೆಂಟು ಅದಕ್ಕಾಗಿ ಬೇರೆ ಕಾಯಿದೆ ಮಾಡಿತು. ಅದರ ಘೋರ ಅಪರಾಧಗಳಿಗೆ ಐದು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೆ ಹೋಗಬಹುದಾದ ಸಜೆ ಉಂಟು. ಯಾವ ಯಾವ ವಸ್ತುವಿಗೆ ಪರವಾನಗಿ ಬೇಕೆಂಬ ಪಟ್ಟಿಗೆ ಸ್ಕೋಮೆಟ್ ಎಂದು ಹೆಸರು. ವಿಶೇಷ ರಾಸಾಯನಿಕಗಳು, ಜೀವಾಣುಗಳು, ಸಾಮಗ್ರಿಗಳು, ಉಪಕರಣಗಳು, ತಂತ್ರಜ್ಞಾನಗಳು ಎಂದು ಅದರ ಅರ್ಥ. ವಿದೇಶ ವ್ಯಾಪಾರದ ಮಹಾನಿರ್ದೇಶನಾಲಯ ಇದನ್ನು ಪ್ರಕಟಿಸುತ್ತದೆ. ಪಂಪು, ವಾಲ್ವು, ಲೋಹದ ಕೊಳವೆ, ಕ್ಯಾಮರಾ ಮೊದಲಾದವುಗಳಲ್ಲಿ ಕೆಲವು ಬಗೆಯವು ಈ ಪಟ್ಟಿಯಲ್ಲಿವೆ, ಉಳಿದವು ಇಲ್ಲ. ಎರಡಕ್ಕೂ ಹೊರಗಿನ ಚರ್ಮ ಒಂದೇ. ತಂತ್ರಜ್ಞಾನ ಎಂಬ ಮಾತನ್ನೂ ಗಮನಿಸಬೇಕು. ನಕಾಶೆಯೊಂದನ್ನು ಇ-ಮೇಲಿನಲ್ಲಿ ಕಳಿಸಿದರೂ ಅದು ರಫ್ತೇ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಈ ಬೇಲಿಯ ಮುಳ್ಳು ನಮಗೂ ಚುಚ್ಚಿದೆ. 1974ರಲ್ಲಿ ಪೋಖರಾನ್ ಪರೀಕ್ಷೆಯಾದ ಮೇಲೆಯೇ ಅಣುಸಾಮಗ್ರಿ ಮಾರುವ ದೇಶಗಳು ಒಂದು ಗುಂಪು ಕಟ್ಟಿಕೊಂಡವು. 1980ರ ದಶಕದಲ್ಲಿ ನಾವು ಕೇಳಿದ ಶಕ್ತಿಯ ಕ್ರೇ ಕಂಪ್ಯೂಟರನ್ನು ಅಮೆರಿಕ ಕೊಡಲಿಲ್ಲ. ಅದಕ್ಕೆ ಉತ್ತರವಾಗಿ 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಹುಟ್ಟಿ, 1991ರಲ್ಲಿ ಪರಮ್ 8000 ತಯಾರಾಯಿತು. ರಶ್ಯದಿಂದ ಕ್ರಯೋಜೆನಿಕ್ ಎಂಜಿನ್ನಿನ ತಂತ್ರಜ್ಞಾನ ಕೊಳ್ಳಹೊರಟದ್ದಕ್ಕೆ 1992ರಲ್ಲಿ ಇಸ್ರೋ ಮೇಲೆ ಅಮೆರಿಕ ಎರಡು ವರ್ಷದ ನಿರ್ಬಂಧ ಹೇರಿತು. ನಮ್ಮದೇ ಎಂಜಿನ್ನು ಜಿಎಸ್‌ಎಲ್‌ವಿಯನ್ನು ಯಶಸ್ವಿಯಾಗಿ ಒಯ್ದದ್ದು 2014ರ ಜನವರಿಯಲ್ಲಿ. 1998ರ ಪರೀಕ್ಷೆಗಳ ನಂತರ ನಮ್ಮ ಎಷ್ಟೋ ಸಂಸ್ಥೆಗಳ ಹೆಸರು ಅಮೆರಿಕದ ನಿಷೇಧದ ಪಟ್ಟಿ ಸೇರಿತು. ಇಸ್ರೋ ಮತ್ತು ಡಿ.ಆರ್.ಡಿ.ಓ. ಅಂಗಸಂಸ್ಥೆಗಳಲ್ಲಿ ಉಳಿದಿದ್ದವನ್ನು ತೆಗೆದದ್ದು 2011ರಲ್ಲಿ.

ಆ ನಡುವೆ ಒಂದು ಮೊಕದ್ದಮೆ ನಡೆಯಿತು. ಸೌತ್ ಕೆರೊಲೈನಾ, ಸಿಂಗಪುರ ಮತ್ತು ನಮ್ಮ ಬೆಂಗಳೂರಿನಲ್ಲಿ ಕಚೇರಿ ಇದ್ದ ಒಬ್ಬ ವ್ಯಾಪಾರಿ, ಪರವಾನಗಿ ಇಲ್ಲದೆ ನಮ್ಮ ಬಾಹ್ಯಾಕಾಶ ಮತ್ತು ಕ್ಷಿಪಣಿ ಸಂಸ್ಥೆಗಳಿಗೆ ಎಲೆಕ್ಟ್ರಾನಿಕ್ ಭಾಗಗಳನ್ನು ಕಳಿಸಿದನೆಂದು 2007ರಲ್ಲಿ ಅಮೆರಿಕದಲ್ಲಿ ಸಿಕ್ಕಿಬಿದ್ದ. 2008ರಲ್ಲಿ ಅವನಿಗೆ 35 ತಿಂಗಳ ಸಜೆಯಾಯಿತು. ಕನ್ನಡಿಗರಾದ ನಮ್ಮ ಮನಸ್ಸು ಇಲ್ಲಿ ಎರಡು ಕಡೆ ಎಳೆಯುವುದು ಸಹಜ. ನಮ್ಮ ದೇಶದ ಕೆಲಸಕ್ಕೇ ಹೋದದ್ದಲ್ಲವೆ ಎನ್ನಿಸುತ್ತದೆ. ಆದರೆ ಆ ಮೊಕದ್ದಮೆಯಲ್ಲಿ ನಮಗೆ ಹೆಚ್ಚು ತಟ್ಟುವ ಸಂಗತಿ ಬೇರೆ. ಅದೇ ಕಚೇರಿಯ ಉದ್ಯೋಗಿಯೊಬ್ಬರೂ ತಪ್ಪೊಪ್ಪಿಕೊಂಡು ಶಿಕ್ಷೆಗೆ ಒಳಗಾಗಬೇಕಾಯಿತು. ಯಜಮಾನ ಹೇಳಿದ, ನಾವು ಮಾಡಿದೆವು ಎಂಬ ಮಾತು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ.

ಬೇಲಿಯ ಹೊರಗಿದ್ದ ನಾವು ಈಗ ಬಹುಮಟ್ಟಿಗೆ ಒಳಗೆ ಬಂದಿದ್ದೇವೆ. ಕ್ಷಿಪಣಿ ತಂತ್ರಜ್ಞಾನದ ಕೂಟಕ್ಕೆ 2016ರಲ್ಲಿ, ವಾಸೆನಾರ್ ಒಪ್ಪಂದಕ್ಕೆ 2017ರಲ್ಲಿ, ರಾಸಾಯನಿಕ ಮತ್ತು ಜೈವಿಕ ಸಾಮಗ್ರಿಯ ಆಸ್ಟ್ರೇಲಿಯ ಗುಂಪಿಗೆ 2018ರಲ್ಲಿ ಸೇರಿದೆವು. ಹಾಗೆಂದು ತೊಡಕು ಮುಗಿಯಲಿಲ್ಲ. ರಶ್ಯ ಮತ್ತು ಯುಕ್ರೇನ್ ಯುದ್ಧದ ಕಾರಣ 2024ರ ಅಕ್ಟೋಬರಿನಲ್ಲಿ ಅಮೆರಿಕ ಒಂದೇ ದಿನ ಸುಮಾರು 400 ಹೆಸರುಗಳನ್ನು ನಿರ್ಬಂಧಿಸಿದಾಗ ಭಾರತದ ಕಂಪನಿಗಳೂ ಅದರಲ್ಲಿದ್ದವು. ಆ ವ್ಯವಹಾರಗಳು ಭಾರತದ ಕಾನೂನಿಗೆ ವಿರುದ್ಧವಲ್ಲವೆಂಬುದು ತನ್ನ ತಿಳುವಳಿಕೆ ಎಂದು ನಮ್ಮ ವಿದೇಶಾಂಗ ಇಲಾಖೆ ಹೇಳಿತು. ಒಂದು ದೇಶದ ಕಾನೂನಿಗೆ ಸರಿಯಾದದ್ದು ಇನ್ನೊಂದು ದೇಶದ ಪಟ್ಟಿಗೆ ಸಿಕ್ಕಬಹುದು. ಪಟ್ಟಿಗೆ ಸಿಕ್ಕ ಕಂಪನಿಯ ಡಾಲರ್ ವ್ಯವಹಾರ ನಿಲ್ಲುತ್ತದೆ. ಆಮೇಲೆ ಮೊದಲು ಸಂಬಳ ನಿಲ್ಲುವುದು ಯಾರದೆಂದು ಬಿಡಿಸಿ ಹೇಳಬೇಕಾಗಿಲ್ಲ.

ತನಿಖೆಗಾರನ ಕೆಲಸ ಸುಲಭದ್ದಲ್ಲ. ತಪ್ಪು ನಡೆಯಿತೆಂದು ತೋರಿಸಿದರೆ ಸಾಲದು, ತಿಳಿದೇ ಮಾಡಿದರೆಂದು ತೋರಿಸಬೇಕು. ಅದಕ್ಕಾಗಿ ಅವನು ಬ್ಯಾಂಕಿನ ಲೆಕ್ಕ, ಫೋನಿನ ಲೆಕ್ಕ, ಹಳೆಯ ಇ-ಮೇಲು, ಗೋದಾಮಿನ ರಿಜಿಸ್ಟರು ಎಲ್ಲವನ್ನೂ ಪಕ್ಕಪಕ್ಕಕ್ಕೆ ಇಟ್ಟು ತಿಂಗಳುಗಟ್ಟಲೆ ಕೂರುತ್ತಾನೆ. ಅವನು ಹುಡುಕುವ ಗುರುತುಗಳನ್ನು ನಾವೂ ಬಲ್ಲವರಾದರೆ ಒಳ್ಳೆಯದು. ಕೊಳ್ಳುವವನ ಕಸುಬಿಗೂ ವಸ್ತುವಿಗೂ ಸಂಬಂಧವಿಲ್ಲದಿರುವುದು. ಬೇಕರಿಯವನು ಲೇಸರ್ ಯಂತ್ರ ತರಿಸಿದಂತೆ. ಲಕ್ಷಗಟ್ಟಲೆ ಬೆಲೆಯ ಯಂತ್ರಕ್ಕೆ, ಜೋಡಿಸಿಕೊಡುವುದು ಬೇಡ, ಕಲಿಸುವುದು ಬೇಡ, ದುರಸ್ತಿಯ ಭರವಸೆಯೂ ಬೇಡ ಎನ್ನುವುದು. ಸಾಲ ಸಿಗುವ ಕಡೆಯಲ್ಲೂ ನಗದು ಕೊಡುತ್ತೇನೆನ್ನುವುದು. ಸರಕು ಕೊನೆಗೆ ತಲುಪುವ ವಿಳಾಸ ಒಂದು ಸಾಗಣೆ ಕಂಪನಿಯದೇ ಆಗಿರುವುದು. ನೇರದಾರಿ ಇದ್ದೂ ಮೂರು ಬಂದರು ಸುತ್ತಿಸುವುದು. ಪೂರೈಕೆದಾರನ ಬಿಲ್ಲಿನಲ್ಲಿ ಸ್ಪಷ್ಟ ಹೆಸರಿದ್ದದ್ದು ನಮ್ಮ ಬಿಲ್ಲಿನಲ್ಲಿ ಯಂತ್ರದ ಬಿಡಿಭಾಗ ಎಂದಾಗುವುದು. ಒಂದು ಗುರುತು ಇದ್ದ ಮಾತ್ರಕ್ಕೆ ಅಪರಾಧವಾಗಲಿಲ್ಲ. ಎರಡು ಮೂರು ಒಟ್ಟಿಗೆ ಸೇರಿದರೆ ಕೇಳಿ ನೋಡಬೇಕು.

ಕೇಳುವುದು ಸುಲಭವೆಂದು ನಾವು ಹೇಳುವುದಿಲ್ಲ. ನಮ್ಮ ಪೈಕಿಯವರೊಬ್ಬರು ಸರಕು ರವಾನೆಯ ಒಂದು ಕಚೇರಿಯಲ್ಲಿದ್ದರು. ಪಂಪಿನ ಮಾದರಿ ಸಂಖ್ಯೆಯನ್ನು ಬಿಲ್ಲಿನಿಂದ ಬಿಡಬೇಕೆಂದು ಯಜಮಾನರು ಹೇಳಿದರು. ಇವರು, "ಸಾರ್, ಅಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಡಿ, ಫೈಲಿಗೆ ಹಾಕುತ್ತೇನೆ" ಎಂದರು. ಚೀಟಿ ಬರಲಿಲ್ಲ. ಬಿಲ್ಲು ಸರಿಯಾಗಿಯೇ ಹೋಯಿತು. ಆ ವರ್ಷ ಇವರ ಸಂಬಳ ಮಾತ್ರ ಏರಲಿಲ್ಲ. ಊರಿಗೆ ಕಳಿಸುವ ಹಣದಲ್ಲಿ ಅಷ್ಟು ಕಡಿಮೆಯಾಯಿತು. ಮಳೆಗಾಲಕ್ಕೆ ಮುಂಚೆ ಆಗಬೇಕಾಗಿದ್ದ ಮಾಡಿನ ರಿಪೇರಿ ಮುಂದಕ್ಕೆ ಹೋಯಿತು. ಪ್ರಾಮಾಣಿಕತೆಗೆ ಬೆಲೆ ಉಂಟು, ಅದನ್ನು ಮನೆಯವರೂ ತೆರುತ್ತಾರೆ. ಇದನ್ನು ಬಲ್ಲವರಾಗಿಯೇ ನಾವು ಮಾತಾಡುತ್ತಿದ್ದೇವೆ.

ಇನ್ನೊಂದು ಕಡೆಯ ಬೆಲೆಯನ್ನೂ ತೂಗಿ ನೋಡಬೇಕು. ಕಸ್ಟಮ್ಸ್ ಕಾಯಿದೆಯ 114ಎಎ ಕಲಮಿನ ಪ್ರಕಾರ, ತಿಳಿದು ತಿಳಿದು ಸುಳ್ಳು ಘೋಷಣೆಯನ್ನು ಬರೆದವನಿಗೂ, ಅದಕ್ಕೆ ಸಹಿ ಹಾಕಿದವನಿಗೂ, ಹಾಕಿಸಿದವನಿಗೂ ಸರಕಿನ ಬೆಲೆಯ ಐದು ಪಟ್ಟಿನವರೆಗೆ ದಂಡ ವಿಧಿಸಬಹುದು. ಸರಕು ಸೇಠರದು, ಲಾಭ ಸೇಠರದು, ಸಹಿ ಮಾತ್ರ ನಮ್ಮದು. ಐದು ಪಟ್ಟು ಎಂದರೆ ನಮ್ಮಂಥವರ ಮೂರು ತಲೆಮಾರಿನ ಗಳಿಕೆ.

ಆದ್ದರಿಂದ ನಾಲ್ಕು ಮಾತು. ಮೊದಲನೆಯದು, ಓದದ ಕಾಗದಕ್ಕೆ, ಖಾಲಿ ಜಾಗ ಬಿಟ್ಟ ಕಾಗದಕ್ಕೆ ಸಹಿ ಬೇಡ. ಎರಡನೆಯದು, ಸರಕಿನ ವರ್ಣನೆ ಬದಲಿಸಲು ಹೇಳಿದರೆ ವಿನಯದಿಂದಲೇ ಬರವಣಿಗೆಯಲ್ಲಿ ಕೇಳಿ. ಮೂರನೆಯದು, ಅಂತಿಮ ಬಳಕೆದಾರರ ಪ್ರಮಾಣಪತ್ರ ಎಂಬುದು ಫೈಲು ತುಂಬಿಸುವ ಕಾಗದವಲ್ಲ. ಅದರಲ್ಲಿರುವ ಹೆಸರಿನ ಸಂಸ್ಥೆ ಆ ವಿಳಾಸದಲ್ಲಿ ಇದೆಯೇ ಎಂದು ನೋಡುವುದು ನಮ್ಮ ಕೆಲಸದ ಭಾಗ. ನಾಲ್ಕನೆಯದು, ಅಧಿಕಾರಿಗಳು 108ನೆಯ ಕಲಮಿನಡಿ ಹೇಳಿಕೆಗೆ ಕರೆದರೆ ಹೋಗಲೇಬೇಕು, ನಿಜವನ್ನೇ ಹೇಳಬೇಕು. ಆದರೆ ತಿಳಿಯದ ಭಾಷೆಯಲ್ಲಿ ಬರೆದದ್ದನ್ನು ಓದಿಸಿಕೊಂಡು, ಅರ್ಥಮಾಡಿಕೊಂಡ ಮೇಲೆಯೇ ಸಹಿ ಹಾಕಬೇಕು. ಹೆದರಿ ಹಾಕಿದ ಸಹಿ ಆಮೇಲೆ ಅಳಿಸುವಂಥದಲ್ಲ.

ಪಟ್ಟಿ ಇಂಗ್ಲಿಷಿನಲ್ಲಿದೆ, ಉದ್ದವಾಗಿದೆ, ಆಗಾಗ ಬದಲಾಗುತ್ತದೆ. ಒಬ್ಬರೇ ಕುಳಿತು ಓದಿದರೆ ನಿದ್ದೆ ಬರುತ್ತದೆ. ಆದ್ದರಿಂದ ಅದರ ಒಂದು ಪ್ರತಿಯನ್ನು ವಾಚನಾಲಯದ ಮೇಜಿನ ಮೇಲೆ ಇರಿಸಿದ್ದೇವೆ. ಶನಿವಾರ ಸಂಜೆ ಏಳಕ್ಕೆ ಬಂದವರೊಡನೆ ಕುಳಿತು, ನಮ್ಮ ನಮ್ಮ ಕಚೇರಿಗಳಲ್ಲಿ ಹಾದುಹೋಗುವ ವಸ್ತುಗಳನ್ನು ಅದರಲ್ಲಿ ಹುಡುಕಿ ಕನ್ನಡದಲ್ಲಿ ಬರೆದಿಡುವ ಯೋಚನೆ ಇದೆ. ಕಚೇರಿಯ ಗುಟ್ಟುಗಳನ್ನು ಯಾರೂ ತರಬೇಕಾಗಿಲ್ಲ. ಪೆನ್ಸಿಲು ತಂದರೆ ಸಾಕು.