ಆಸ್ಕರ್ ಫೆರ್ನಾಂಡಿಸರ ಜಮಾ-ಖರ್ಚು



ನಮ್ಮ ಕರಾವಳಿಯ ಆಸ್ಕರ್ ಫೆರ್ನಾಂಡಿಸರು 1980ರಿಂದ ಉಡುಪಿಯಲ್ಲಿ ಸತತ ಐದು ಸಲ ಲೋಕಸಭೆಗೆ ಗೆದ್ದವರು. 1998ರಲ್ಲಿ ಸೋತರು. ಅದೇ ವರ್ಷ ರಾಜ್ಯಸಭೆಗೆ ಹೋದವರು 2021ರ ಸೆಪ್ಟೆಂಬರ್ 13ರಂದು ತೀರಿಕೊಳ್ಳುವ ತನಕ ಅಲ್ಲಿದ್ದರು.

ನಾವು ಲೆಕ್ಕ ಬರೆಯುವವರು. ವರ್ಷ ಎಣಿಸಿದ್ರೆ ಸಾಲದು, ಜಮೆ ಏನು ಅಂತ ನೋಡ್ಬೇಕು. ಕೇಂದ್ರದ ಕಾರ್ಮಿಕ ಖಾತೆ ಅವರ ಕೈಯಲ್ಲಿದ್ದಾಗ, 2008ರಲ್ಲಿ, ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಬಂತು. ಬಡ ಕುಟುಂಬ 30 ರೂಪಾಯಿ ಕಟ್ಟಿದ್ರೆ ವರ್ಷಕ್ಕೆ 30,000 ರೂಪಾಯಿವರೆಗಿನ ಆಸ್ಪತ್ರೆ ಖರ್ಚು ಸಿಗುತ್ತಿತ್ತು. ಅದೇ ವರ್ಷದ ಕೊನೆಗೆ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆ ಆಯಿತು. ಗಾರೆಯವರು, ರಿಕ್ಷಾದವರು, ಮೀನು ಮಾರುವವರು ಕಾನೂನಿನ ಲೆಕ್ಕಕ್ಕೆ ಬಂದರು.

ಆ ಕಾಯ್ದೆಯಲ್ಲಿ ಹಕ್ಕಿಗಿಂತ ಯೋಜನೆಗಳ ಪಟ್ಟಿಯೇ ದೊಡ್ಡದು ಎಂಬ ಟೀಕೆ ಇತ್ತು, ಅದು ಸುಳ್ಳಲ್ಲ. ಆದ್ರೆ ಹೆಸರೇ ಬರೆಸದವನಿಗೆ ಎಷ್ಟು ಒಳ್ಳೆಯ ಕಾನೂನಾದರೂ ಏನು ಪ್ರಯೋಜನ?

ತಿಂಗಳು ತಿಂಗಳು ಊರಿಗೆ ದುಡ್ಡು ಕಳಿಸ್ತೇವೆ. ರಿಕ್ಷಾ ಓಡಿಸುವ ತಮ್ಮನ ಇ-ಶ್ರಮ್ ಕಾರ್ಡ್ ಆಗಿದೆಯಾ ಅಂತ ಎಂದಾದರೂ ಕೇಳಿದ್ದೇವಾ? 59 ವರ್ಷ ದಾಟಿದ ಮೇಲೆ ಅದನ್ನು ಮಾಡಿಸ್ಲಿಕ್ಕಾಗುವುದಿಲ್ಲ. ಈ ಶುಕ್ರವಾರ ಮನೆಗೆ ಫೋನ್ ಮಾಡುವಾಗ ಮೊದಲು ಅದನ್ನೇ ಕೇಳೋಣ.